ಕಲ್ಲು ಬಿಟ್ಟು ಹೊರಟ ಹವಳ

ಸೊಸೆ ಮೂರು ದಿನದ ಪರೀಕ್ಷೆಯ ಡ್ಯೂಟಿಗೆಂದು ಜೇವರ್ಗಿಗೆ ಹೋದ ದಿನ ಮಧ್ಯಾಹ್ನವೇ ನಮ್ಮ ಓಣಿಯ ಟಿ.ಸಿ., ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಸುಟ್ಟಿತು. ಢಬ್ ಎಂದು ಸದ್ದಾಯಿತು, ಕಂಬದ ಮೇಲಿಂದ ಹೊಗೆ ಎದ್ದಿತು, ಓಣಿಯ ಫ್ಯಾನುಗಳೆಲ್ಲ ಒಟ್ಟಿಗೆ ನಿಂತವು. ಆಳಂದದಲ್ಲಿ ಬೇಸಿಗೆಗೆ ಇದು ಹೊಸದಲ್ಲ. ಬೇರೆ ಟಿ.ಸಿ. ತಂದು ಕೂರಿಸಲು ಎರಡು ದಿನ ಹಿಡಿಯಬಹುದು, ನಾಲ್ಕೂ ಹಿಡಿಯಬಹುದು. ನನ್ನ ಪಾಡಿಗೆ ನಾನು ಕಿಟಕಿಗೆ ತೊಯ್ದ ಗೋಣಿಚೀಲ ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ ಮಲಗಿಬಿಡುತ್ತೇನೆ. ಚಿಂತೆ ಇದ್ದದ್ದು ನಡುಮನೆಯ ಗಾಜಿನ ತೊಟ್ಟಿಯದು. ಅದರಲ್ಲಿ ಸೊಸೆಯ ಹವಳ ಇತ್ತು, ಜೀವ ಇದ್ದ ಹವಳ. ಅದರ ನೀರು ಬಿಸಿಯಾಗಬಾರದು, ಅಲುಗಾಡದೆ ನಿಲ್ಲಲೂಬಾರದು.

ಹವಳ ಎಂದರೆ ನನಗೆ ಗೊತ್ತಿದ್ದದ್ದು ತಾಳಿಯಲ್ಲಿ ಪೋಣಿಸುವ ಕೆಂಪು ಮಣಿ. ಅದು ಬೇರೆ ಜಾತಿಯಂತೆ, ಆಳದಲ್ಲಿ ತಣ್ಣನೆಯ ಕತ್ತಲಲ್ಲಿ ಬೆಳೆಯುವುದಂತೆ. ಸೊಸೆಯದು ಬಿಸಿಲು ತಳಮುಟ್ಟುವ ಬೆಚ್ಚನೆಯ ಸಮುದ್ರದ್ದು, ಅಂಡಮಾನ್, ಲಕ್ಷದ್ವೀಪದ ಕಡೆ ಸಿಗುವಂಥದ್ದು. ನೋಡಿದರೆ ಹೂಕೋಸಿನ ಗಡ್ಡೆ. ತಿಳಿ ಕಂದು ಬಣ್ಣ, ಟೊಂಗೆಯ ತುದಿಗೆ ಮಾತ್ರ ಗುಲಾಬಿ. ಅಲೆ ಜೋರಾಗಿ ಬಡಿಯುವ ಕಡೆ ಇದರ ಟೊಂಗೆ ಗಿಡ್ಡ, ದಪ್ಪ. ನೀರು ಸಮಾಧಾನ ಇರುವ ಕಡೆ ಅದೇ ಹವಳ ಸಣ್ಣಗೆ ಉದ್ದಕ್ಕೆ ಬೆಳೆಯುತ್ತದೆ. ಸಮುದ್ರದಲ್ಲಿದ್ದರೆ ಟೊಂಗೆಗಳ ಸಂದಿಯಲ್ಲಿ ಸಣ್ಣ ಏಡಿಗಳು ಸಂಸಾರ ಹೂಡುತ್ತವೆ, ಹವಳ ತಿನ್ನಲು ಬಂದವರನ್ನು ಚಿವುಟಿ ಓಡಿಸುತ್ತವೆ. ನಮ್ಮ ತೊಟ್ಟಿಯಲ್ಲಿ ಏಡಿ ಇರಲಿಲ್ಲ. ಕಾಯಲು ನಾನಿದ್ದೆ.

ಅದನ್ನು ಮನೆಗೆ ತಂದ ದಿನ ಸೊಸೆ ನನ್ನ ಕೈಗೆ ಭೂತಗನ್ನಡಿ ಕೊಟ್ಟಳು.

"ಅತ್ತೀ, ಇದು ಗಿಡ ಅಲ್ರಿ. ಕಲ್ಲೂ ಅಲ್ರಿ. ಪ್ರಾಣಿ."

"ಪ್ರಾಣಿ ಅಂದ್ರ ಬಾಯಿ ಎಲ್ಲದ?"

"ಒಂದ್ ಬಾಯಿ ಅಲ್ರಿ, ಸಾವಿರಾರು ಅವ. ನೋಡ್ರಿ."

ನೋಡಿದೆ. ಕಲ್ಲಿನ ತುಂಬ ಸೂಜಿಮೊನೆಯಂಥ ತೂತು, ಪ್ರತಿ ತೂತಿನಲ್ಲಿ ಗಸಗಸೆ ಕಾಳಿನಷ್ಟು ಒಂದು ಜೀವ. ಸುತ್ತ ಹನ್ನೆರಡು ಕೈ, ನಡುವೆ ಬಾಯಿ. ಉಣ್ಣುವುದೂ ಅದೇ ಬಾಯಲ್ಲಿ, ಹೊಲಸು ಹೊರಗೆ ಹಾಕುವುದೂ ಅದೇ ಬಾಯಲ್ಲಿ ಎಂದಳು.

"ನಮ್ಮ ಓಣ್ಯಾಗೂ ಅಂಥವ್ರು ಅದಾರ ತಗಿ" ಅಂದೆ.

ಕಲ್ಲು ಅದೇ ಕಟ್ಟಿಕೊಂಡದ್ದು. ಸಮುದ್ರದ ನೀರಿನಲ್ಲಿ ಕರಗಿರುವ ಸುಣ್ಣ ಹೀರಿ ತನ್ನ ಕೆಳಗೆ ತಾನೇ ಕಲ್ಲು ಹಾಕಿಕೊಳ್ಳುತ್ತದೆ, ಅದರ ಮೇಲೆ ಕೂತಿರುತ್ತದೆ. ಎಲ್ಲದರ ಚರ್ಮವೂ ಒಂದಕ್ಕೊಂದು ಕೂಡಿರುತ್ತದೆ, ಒಂದು ಉಂಡರೆ ಪಕ್ಕದ್ದಕ್ಕೂ ತಲುಪುತ್ತದೆ. ಆ ಚರ್ಮದೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗೆ ಇರುತ್ತದೆ. ಬಿಸಿಲಿನಲ್ಲಿ ಅಡಿಗೆ ಮಾಡುವುದು ಆ ಪಾಚಿ. ಮಾಡಿದ್ದರಲ್ಲಿ ಹೆಚ್ಚಿನದನ್ನು ಮನೆಯ ಧಣಿಗೇ ಕೊಟ್ಟುಬಿಡುತ್ತದೆ. ಕಂದು ಬಣ್ಣವೂ ಅದರದ್ದೇ. ನೀರು ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ಹಾಗೇ ಉಳಿದರೆ ಧಣಿಗೂ ಬಾಡಿಗೆಯವನಿಗೂ ಕೆಡುತ್ತದೆ, ಪಾಚಿ ಹೊರಗೆ ಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. ಬಿಳಿಚಿದ ಕೂಡಲೇ ಸಾಯುವುದಿಲ್ಲ. ಉಪವಾಸ ಬೀಳುತ್ತದೆ. ಉಪವಾಸ ಉದ್ದವಾದರೆ ಸಾಯುತ್ತದೆ.

ಅದು ಎಷ್ಟು ಬಿಸಿ ತಡೆಯುತ್ತದೆ, ಸ್ವಲ್ಪಸ್ವಲ್ಪವೇ ರೂಢಿ ಮಾಡಿಸಿದರೆ ಇನ್ನೂ ಹೆಚ್ಚು ತಡೆಯುತ್ತದೆಯೇ ಎನ್ನುವುದು ಸೊಸೆಯ ಓದು. ಆಕೆ ಇಲ್ಲಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಕರಾವಳಿಯ ಕಡೆಯ ಹಿರಿಯ ಮೇಡಂ ಒಬ್ಬರ ಕೈಕೆಳಗೆ ಈ ಓದು ಹಿಡಿದಿದ್ದಳು. ಹವಳವನ್ನು ಹಾಗೆಲ್ಲ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಹುಲಿಗೆ ಎಂಥ ಕಾಯಿದೆಯೋ ಇದಕ್ಕೂ ಅಂಥದ್ದೇ. ಮೇಡಂ ಓಡಾಡಿ ಪರವಾನಗಿ ಮಾಡಿಸಿ ಮೂರು ತುಂಡು ಕೊಟ್ಟಿದ್ದರು. ಕಾಲೇಜಿಗೆ ರಜೆ ಬಿದ್ದರೆ ಬೀಗ, ಅದಕ್ಕೆ ತೊಟ್ಟಿ ನಮ್ಮ ಮನೆಯಲ್ಲಿ. ತಿಂಗಳ ಕೊನೆಗೆ ಮೇಡಂ ಬಂದು ನೋಡುವವರಿದ್ದರು. ಹವಳಕ್ಕೆ ಜೀವ ಇದ್ದರೆ ಓದು ಮುಂದೆ ಹೋಗುತ್ತದೆ. ಇಲ್ಲದಿದ್ದರೆ ಪರವಾನಗಿ ರದ್ದು, ಓದು ಅಲ್ಲಿಗೇ ಮುಗಿಯಿತು. ಮದುವೆ, ನನ್ನ ಗಂಡನ ಪಾರ್ಶ್ವವಾಯು, ನೌಕರಿ ಎಂದು ಆಕೆ ಇದನ್ನು ಮುಂದೂಡುತ್ತಲೇ ಬಂದವಳು. ಇನ್ನೊಂದು ಸಲ ಯಾರೂ ಕೊಡುವುದಿಲ್ಲ ಎಂದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನನಗೆ ಆ ತೊಟ್ಟಿಯ ಮೇಲೆ ಪ್ರೀತಿ ಏನಿರಲಿಲ್ಲ. ಮನೆಯ ಇನ್ವರ್ಟರನ್ನು ಅದು ತಿನ್ನುತ್ತಿತ್ತು. ಆದರೆ ಗಂಡ ತೀರಿಹೋಗುವ ಮೊದಲು ಮಲಗಿದಲ್ಲೇ ಇದ್ದ ವರ್ಷಗಳಲ್ಲಿ ಈ ಹುಡುಗಿ ಮುಖ ಸಿಂಡರಿಸದೆ ಆತನ ಹಾಸಿಗೆ ಒಗೆದಿದ್ದಾಳೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಗ ತೊಗರಿ ಲಾರಿಯ ಸಂಗಡ ಲಾತೂರಿಗೆ ಹೋಗಿದ್ದ. ಮನೆಯಲ್ಲಿ ಇದ್ದವಳು ನಾನು, ಜೊತೆಗೆ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಆಕೆ ಕರಜಗಿಯವಳು. ಘತ್ತರಗಿಗೆ ಹೋಗಿ ಭಾಗ್ಯವಂತಿ ದೇವಿಗೆ ಕಾಯಿ ಒಡೆಸಿ, ಹಾಗೇ ನಮ್ಮಲ್ಲಿಗೆ ಬಂದಿದ್ದಳು. ಪ್ರತಿ ಬೇಸಿಗೆಗೆ ಬಂದು ನಮ್ಮ ಮನೆಯ ಮಾವಿನ ಉಪ್ಪಿನಕಾಯಿ ಹಾಕಿಕೊಟ್ಟು ಹೋಗುವುದು ಆಕೆಯ ರೂಢಿ. ಆಕೆ ಹಾಕಿದ ಬರ್ನಿ ಮೂರು ವರ್ಷ ಕೆಡುವುದಿಲ್ಲ. ಅದರ ಜಂಬವೂ ಆಕೆಗೆ ಇದೆ.

ಮೊದಲ ದಿನ ಇನ್ವರ್ಟರ್ ಮೇಲೆ ತೊಟ್ಟಿಯ ಪಂಪು ಓಡಿತು, ನೀರಿನ ಮೇಲೆ ಗಾಳಿ ಬೀಸುವ ಟೇಬಲ್ ಫ್ಯಾನೂ ಓಡಿತು. ನಾವಿಬ್ಬರು ಮುದುಕಿಯರು ಬೆವರಿನಲ್ಲಿ ಕೂತು ಆ ಫ್ಯಾನನ್ನು ನೋಡುತ್ತಿದ್ದೆವು.

"ಅಕ್ಕಾ, ಕಲ್ಲಿಗಿ ಗಾಳಿ ಹಾಕಿ ನಾವು ಬೇಯಾಕತ್ತೀವಲ್ಲ" ಎಂದಳು ನೆಗೆಣ್ಣಿ.

"ಬಾಯಿ ಮುಚ್ಚಿ ಮಾವಿನಕಾಯಿ ಹೆಚ್ಚ್."

ಸಂಜೆಯ ಹೊತ್ತಿಗೆ ಇನ್ವರ್ಟರ್ ಕುಂಯ್‌ಗುಟ್ಟಿ ಸತ್ತಿತು. ಉಳಿದದ್ದು ಸೆಲ್ ಹಾಕುವ ಒಂದು ಪುಟ್ಟ ಗಾಳಿ ಮೋಟಾರು, ಗುಳುಗುಳು ಎಂದು ಗುಳ್ಳೆ ಬಿಡುವಂಥದ್ದು. ಗಾಜಿಗೆ ಅಂಟಿಸಿದ ಮಾಪಕದಲ್ಲಿ ಅಂಕಿ ಇಪ್ಪತ್ತೆಂಟು ದಾಟಬಾರದು ಎಂದು ಸೊಸೆ ಹೇಳಿಹೋಗಿದ್ದಳು. ನನಗೆ ಅಕ್ಷರ ಕಡಿಮೆ, ಅಂಕಿ ಗೊತ್ತು. ಮರುದಿನ ಬೆಳಿಗ್ಗೆ ಅದು ಇಪ್ಪತ್ತೊಂಬತ್ತು ತೋರಿಸಿತು. ಪಕ್ಕದ ಮನೆಯ ಶರಬತ್ತಿನ ಗಾಡಿಯವನ ಹತ್ತಿರ ಬರ್ಫದ ಗಡ್ಡೆ ಕೇಳಲು ಹೋದೆ.

"ಯಾತಕ್ಕ್ರಿ ಅಮ್ಮಾ ಬರ್ಫ?" ಎಂದ.

"ತೊಟ್ಟ್ಯಾಗಿನ ಪ್ರಾಣಿಗಿ."

"ಬರ್ಫ ಇಡೋದು ಮೀನು ಸತ್ತ ಮ್ಯಾಲ ಅಲ್ಲೇನ್ರಿ? ನೀವು ಮೊದಲಾ ಇಡಾಕತ್ತೀರಿ."

"ಸಾಯಬಾರ್ದು ಅಂತ ಇಡಾಕತ್ತೇನಿ. ಕೊಡ್ತಿಯೋ ಇಲ್ಲೋ ಹೇಳಲೇ."

ಕೊಟ್ಟ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ನೀರಿನ ಮೇಲೆ ತೇಲಿಬಿಟ್ಟೆ. ಅಂಕಿ ಇಳಿಯಿತು. ಅಷ್ಟರಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು. ಗಾಜಿನ ಮೇಲೆ ಸೊಸೆ ಕಪ್ಪು ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದಳು. ನೀರು ಆ ಗೆರೆಗಿಂತ ನಾಲ್ಕು ಬೆರಳು ಕೆಳಗೆ ಇಳಿದಿತ್ತು. ನಿನ್ನೆಯ ಫ್ಯಾನು, ಕಿಟಕಿಯಿಂದ ಬರುವ ಒಣ ಗಾಳಿ ಎರಡೂ ಸೇರಿ ಕುಡಿದುಬಿಟ್ಟಿದ್ದವು. ಒಂದು ಟೊಂಗೆಯ ತುದಿ ನೀರಿನಿಂದ ಹೊರಗೆ ಬರುವುದರಲ್ಲಿತ್ತು.

ಫೋನ್ ಹಚ್ಚಿದೆ. ಸೊಸೆ ಆಗಷ್ಟೇ ಪರೀಕ್ಷೆ ನಡೆಯುವ ಕಾಲೇಜಿನ ಬಾಗಿಲಲ್ಲಿದ್ದಳು.

"ನೀರು ಇಳದಾವ ಬೇ."

"ಗೆರಿ ತನಾ ನೀರು ಹಾಕ್ರಿ ಅತ್ತಿ. ಫೋನ್ ಒಳಗ ಒಯ್ಯಂಗಿಲ್ರಿ, ಬೆಲ್ ಆತು, ಇಡ್ತೇನಿ."

ಇಟ್ಟುಬಿಟ್ಟಳು. ದಿನಾ ಆ ಕೆಲಸ ತಾನೇ ಮಾಡುತ್ತಿದ್ದವಳು, ನನಗೆ ತೋರಿಸಿರಲಿಲ್ಲ. ತೊಟ್ಟಿಯ ಪಕ್ಕದಲ್ಲಿ ಕುಡಿಯುವ ನೀರಿನ ಒಂದು ಕ್ಯಾನು ಇತ್ತು. ಅದರ ಪಕ್ಕದಲ್ಲೇ ಸಮುದ್ರದ ಉಪ್ಪಿನ ಡಬ್ಬಿಯೂ ಇತ್ತು. ಬರಿ ನೀರು ಹಾಕಬೇಕೋ, ಉಪ್ಪು ಬೆರೆಸಿ ಹಾಕಬೇಕೋ?

ನಾನು ಕ್ಯಾನಿಗೆ ಕೈ ಹಾಕಿದ್ದೆ. ನೆಗೆಣ್ಣಿ ಅಡಿಗೆಮನೆಯಿಂದ ಹೌಹಾರಿ ಬಂದಳು.

"ಬರಿ ನೀರು ಹಾಕ್ತೀ? ಕೆಡಸ್ತಿ ನೋಡು. ಬರ್ನ್ಯಾಗ ರಸ ಇಳದ್ರ ಏನ್ ಮಾಡ್ತೀವಿ?"

"ಉಪ್ಪಿನ ನೀರು ಕಾಸಿ ಆರಿಸಿ ಹಾಕ್ತೀವಿ."

"ಬರಿ ನೀರು ಬಿದ್ರ?"

"ಬೂಷ್ಟು ಹಿಡೀತದ."

"ಮತ್ತ? ಇದೂ ಉಪ್ಪಿನಾಗ ಇರೂದಾ ಅಲ್ಲೇನು?"

ಮಾತು ಸರಿ ಅನ್ನಿಸಿತು. ನಲವತ್ತು ವರ್ಷ ಇಬ್ಬರೂ ಬರ್ನಿ ಕಾದವರು, ಉಪ್ಪಿನಲ್ಲಿರುವುದಕ್ಕೆ ಹನಿ ಬರಿ ನೀರು ತಾಕಿಸಿದವರಲ್ಲ. ಸೌಟು ಒದ್ದೆ ಇದ್ದರೆ ಸೀರೆಗೆ ಒರೆಸಿಕೊಂಡು ಬರ್ನಿಗೆ ಹಾಕುವವರು. ನೆಗೆಣ್ಣಿ ಬಕೆಟಿನಲ್ಲಿ ನೀರು ಹಾಕಿ ಡಬ್ಬಿಯ ಉಪ್ಪು ಮುಷ್ಟಿಮುಷ್ಟಿ ಸುರಿದಳು, ಕದಡಿದಳು, ನಾಲಿಗೆಗೆ ಹಚ್ಚಿ ನೋಡಿದಳು, ಇನ್ನೊಂದು ಮುಷ್ಟಿ ಹಾಕಿದಳು. ನಾನು ಹೌದು ಎಂದೆ. ಆಕೆ ಸುರಿದಳು. ಗೆರೆಯ ತನಕ ತುಂಬಿತು. ಇಬ್ಬರಿಗೂ ಸಮಾಧಾನವಾಯಿತು.

ಆ ಸಮಾಧಾನ ಬಹಳ ಹೊತ್ತು ನಿಲ್ಲಲಿಲ್ಲ. ಮೊದಲು ಕೈಗಳೆಲ್ಲ ಒಳಗೆ ಹೋದವು. ಮಖಮಲ್ಲಿನಂತಿದ್ದ ಟೊಂಗೆ ನುಣ್ಣಗಾಯಿತು. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಟೊಂಗೆಯ ತುದಿಗಳಲ್ಲಿ ಚರ್ಮ ತೆಳ್ಳಗಾಗಿ ಹರಿಯುತ್ತಿತ್ತು. ನಡುನಡುವೆ ಬಿಳಿ ಕಲ್ಲು ಕಾಣಿಸತೊಡಗಿತ್ತು. ನೀರಿನ ತುಂಬ ಕಂದು ಗಸಗಸೆ ತೇಲುತ್ತಿತ್ತು, ತಳದಲ್ಲಿ ಒಂದು ಪದರ ಕೂತಿತ್ತು.

"ಅಕ್ಕಾ, ಹುಳ ಬಿದ್ದಾವ" ಎಂದಳು ನೆಗೆಣ್ಣಿ. ಆಕೆಯ ಮುಖ ಕೆಟ್ಟಿತ್ತು. ಉಪ್ಪಿನಕಾಯಿಗೆ ಹುಳ ಬಿದ್ದರೆ ಆಕೆಗೆ ಏನು ಗೊತ್ತೋ ಅದನ್ನೇ ಮಾಡಲು ಹೊರಟಳು. ಬಕೆಟು, ಚೊಂಬು ತಂದಳು. "ಈ ನೀರು ಚೆಲ್ಲಿ, ಕಲ್ಲು ತೊಳದು, ಹೊಸಾ ನೀರು ತುಂಬ್ಸೂನು. ಸೊಸಿ ಬರೂದ್ರಾಗ ಚೊಕ್ಕ ಮಾಡೂನು."

ಚೊಂಬು ಮುಳುಗಿಸಿ ತೆಗೆದು ಬಕೆಟಿಗೆ ಸುರಿಯತೊಡಗಿದಳು. ಬಕೆಟು ತುಂಬಿತು. ಎತ್ತಿಕೊಂಡು ಬಚ್ಚಲಿಗೆ ಹೊರಟಳು. ನಾನು ಭೂತಗನ್ನಡಿ ಹಿಡಿದು ಗಾಜಿಗೆ ಮುಖ ಹಚ್ಚಿ ನೋಡುತ್ತಿದ್ದೆ. ತಳದಲ್ಲಿದ್ದ ಒಂದು ಕಾಳು ಉರುಳಿತು. ಉಳಿದವೆಲ್ಲ ಮುದುಡಿದ್ದವು. ಇದೊಂದು ಮೆಲ್ಲಗೆ ಅರಳಿತು. ಕೈ ಬಂದವು. ನಡುವೆ ಬಾಯಿ.

"ನಿಲ್ಲು ಬೇ" ಅಂದೆ. "ಚೆಲ್ಲಬ್ಯಾಡ."

"ಯಾಕ?"

"ಹುಳ ಅಲ್ಲ ಅವು. ಕಲ್ಲಾಗ ಇದ್ದವ್ರೇ ಹೊರಗ ಬಂದಾರ."

"ಹೊರಗ ಬಂದಾರ ಅಂದ್ರ? ಕಾಲು ಅವ ಏನು ಅವಕ್ಕ?"

"ಕಾಲಿಲ್ಲ. ನೀ ಮೊದಲು ಬಕೆಟ್ ಕೆಳಗಿಡು."

ಆಕೆ ಬಚ್ಚಲ ಬಾಗಿಲಲ್ಲಿ ನಿಂತಳು, ಇಡಲಿಲ್ಲ. ಹೊಲಸು ನೀರು ಮನೆಯಲ್ಲಿ ಇಟ್ಟುಕೊಂಡು ಕೂರುವುದು ಆಕೆಗೆ ಒಗ್ಗದು. ಹೋಗಿ ಕೈಯಿಂದ ಕಿತ್ತುಕೊಂಡೆ. ಸ್ವಲ್ಪ ಚೆಲ್ಲಿತು. ಚೆಲ್ಲಿದ್ದರಲ್ಲಿ ಎಷ್ಟು ಜೀವ ಇದ್ದವೋ, ನೆಲದ ಫರ್ಸಿಕಲ್ಲಿನ ಮೇಲೆ ಆಗಲೇ ಆರಿಹೋಗುತ್ತಿದ್ದವು.

ಸೊಸೆಯ ಫೋನು ಬಂದ್ ಆಗಿತ್ತು. ಬೇಕಾದೀತು ಎಂದು ಆಕೆ ಆ ಕಾಲೇಜಿನ ಆಫೀಸಿನ ನಂಬರನ್ನೂ ಕೊಟ್ಟಿದ್ದಳು. ಹಚ್ಚಿದೆ. ಜವಾನ ಎತ್ತಿದ.

"ಮೇಡಂ ಹಾಲ್‌ನಾಗ ಅದಾರ್ರಿ. ಪರೀಕ್ಷಾ ಮುಗಿಯೂ ತನಾ ಕರಿಯಂಗಿಲ್ರಿ."

"ಮುಗಿಯೂ ತನಾ ನಿಲ್ಲಂಗಿಲ್ಲ ಇದು. ಮನ್ಯಾಗ ಜೀವ ಹೋಗಾಕತ್ತದ ಅಂತ ಹೇಳು."

"ಯಾರ್ದ್ರಿ?"

"ಭಾಳ ಮಂದೀದು" ಅಂದೆ.

ಅವನು ಫೋನ್ ಮೇಜಿನ ಮೇಲೆ ಒಗೆದು ಓಡಿದ್ದು ಕೇಳಿಸಿತು. ಸೊಸೆ ಬಂದಾಗ ಆಕೆಯ ಉಸಿರು ಹತ್ತುತ್ತಿರಲಿಲ್ಲ.

"ಅತ್ತೀ, ಯಾರಿಗೇನಾತ್ರಿ? ಅವ್ರಿಗೇನರೆ ಆತೇನ್ರಿ? ಲಾರಿ..."

"ನಿನ್ನ ಗಂಡ ಚೆಂದ ಅದಾನ. ನಿನ್ನ ಹವಳ ಕಲ್ಲು ಬಿಟ್ಟು ಹೊಂಟಾವ."

ಏನು ಹಾಕಿದಿರಿ ಎಂದು ಕೇಳಿದಳು. ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೂ ಎರಡು ಮಾತಾಡಲು ಬರುತ್ತಿತ್ತು. ಆಕೆ ದನಿ ಸಣ್ಣ ಮಾಡಿಕೊಂಡು ಒಂದೊಂದೇ ಹೇಳಿದಳು. ತೇಲುತ್ತಿರುವುದನ್ನು ಒಂದೂ ಚೆಲ್ಲಬೇಡಿ. ಕ್ಯಾನಿನ ಬರಿ ನೀರು ಹನಿಹನಿಯಾಗಿ ಬಿಡಿ, ಒಮ್ಮೆಗೇ ಸುರಿದರೆ ಒಡೆದುಹೋಗುತ್ತವೆ. ಹಿಡಿದುಕೊಳ್ಳಲು ತಳದಲ್ಲಿ ಒರಟು ಕಲ್ಲು ಏನಾದರೂ ಇಡಿ, ತೊಳೆದು. ಯಾವುದಕ್ಕೂ ತಾಮ್ರ ತಾಕಿಸಬೇಡಿ, ತಾಮ್ರ ಅವಕ್ಕೆ ವಿಷ. ಮೂರನೇ ದಿನದ ಡ್ಯೂಟಿ ಯಾರ ಕೈಗಾದರೂ ಹಾಕಿ ಈಗಲೇ ಹೊರಡುತ್ತೇನೆ.

ತಾಮ್ರದ ಮಾತು ಹೇಳದಿದ್ದರೆ ಇನ್ನೊಂದು ಆಗುತ್ತಿತ್ತು. ಹನಿಹನಿ ಎಂದ ಕೂಡಲೇ ನೆಗೆಣ್ಣಿ ದೇವರ ಮನೆಯಿಂದ ಅಭಿಷೇಕದ ತಾಮ್ರದ ಪಾತ್ರೆ ತಂದಿದ್ದಳು, ತಳದಲ್ಲಿ ತೂತು ಇದ್ದದ್ದು, ಹುಣಸೆಹಣ್ಣು ಹಚ್ಚಿ ಬೆಳಗಿದ್ದು. ಅದನ್ನು ಒಳಗೆ ಇಡಿಸಿದೆ. ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಸೂಜಿ ಕಾಸಿ ಚುಚ್ಚಿ, ತೊಟ್ಟಿಯ ಮೇಲೆ ದಾರದಲ್ಲಿ ಕಟ್ಟಿದೆ. ಬಕೆಟಿನ ನೀರನ್ನು ಜೋಪಾನವಾಗಿ ಹಿಂದಕ್ಕೆ ಬಿಟ್ಟೆ. ಹಿತ್ತಲಲ್ಲಿ ಒಡೆದ ಶಹಾಬಾದ್ ಫರ್ಸಿಯ ಚೂರು ಬಿದ್ದಿದ್ದವು, ತಿಕ್ಕಿ ತೊಳೆದು ಮೂರು ಚೂರು ತಳಕ್ಕೆ ಇಳಿಸಿದೆ. ಗಾಳಿ ಮೋಟಾರಿನ ಸೆಲ್ ಇಳಿದು ಗುಳ್ಳೆ ನಿಂತಿದ್ದವು. ಗಡಿಯಾರದ ಸೆಲ್ ಕಿತ್ತು ಹಾಕಿದೆ. ಅದೂ ಇಳಿಯಿತು. ಆಮೇಲೆ ಕಟ್ಟಿಗೆಯ ಸೌಟಿನಿಂದ ಮೇಲಿನ ನೀರನ್ನು ಮೆಲ್ಲಗೆ ಆಡಿಸುತ್ತ ಕೂತೆ. ಕೈ ಸೋತರೆ ನೆಗೆಣ್ಣಿ ಆಡಿಸುತ್ತಿದ್ದಳು. ಒಂದೇ ಒಂದು ಸಲ, "ನಾ ಬಾಯಿ ಹಾಕಬಾರ್ದಿತ್ತು ಅಕ್ಕಾ" ಎಂದಳು.

"ಸೌಟು ಆಡಸು" ಅಂದೆ.

ಸೊಸೆ ಕಲಬುರಗಿಯಲ್ಲಿ ಬಸ್ಸು ಬದಲಿಸಿ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಚಪ್ಪಲಿ ಬಿಡದೆ ಒಳಗೆ ಬಂದಳು. ಉಪ್ಪು ಅಳೆಯುವ ಕೊಳವೆ ಇಟ್ಟು ನೋಡಿದಳು, ತುಟಿ ಕಚ್ಚಿಕೊಂಡಳು. ಹವಳದ ಎರಡು ತುಂಡು ಹಲ್ಲಿನಂತೆ ಬೆಳ್ಳಗಾಗಿದ್ದವು. ಮೂರನೆಯದರ ಬುಡದಲ್ಲಿ ಇನ್ನೂ ಸ್ವಲ್ಪ ಕಂದು ಇತ್ತು, ಎರಡು ದಿನದಲ್ಲಿ ಅದೂ ಹೋಯಿತು.

"ನೀರು ಹಾರಿದ್ರ ಬರಿ ನೀರು ಅಷ್ಟಾ ಹಾರ್ತದ್ರಿ ಅತ್ತಿ. ಉಪ್ಪು ಒಳಗಾ ಉಳೀತದ" ಎಂದಳು. ಬೈಯುವ ದನಿಯಲ್ಲಲ್ಲ, ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ.

ಅದು ನನಗೆ ಗೊತ್ತಿಲ್ಲದ್ದಲ್ಲ. ಬೇಳೆ ಒಲೆಯ ಮೇಲೆ ಹೆಚ್ಚು ಹೊತ್ತು ಕುದ್ದರೆ ಉಪ್ಪಾಗುತ್ತದೆ, ಬಿಸಿನೀರು ಬೆರೆಸುತ್ತೇವೆ. ಹುಡುಗಿಯಿದ್ದಾಗಿನಿಂದ ಮಾಡಿಕೊಂಡು ಬಂದದ್ದು. ಆದರೆ ಆ ಗಾಜಿನ ತೊಟ್ಟಿಯನ್ನು ಕಂಡಾಗ ಇಬ್ಬರಿಗೂ ಬರ್ನಿ ನೆನಪಾಯಿತೇ ಹೊರತು ಬೇಳೆಯ ಗಡಿಗೆ ನೆನಪಾಗಲಿಲ್ಲ.

ಇದು ಹೀಗೆ ಹೊರಡುವುದು ಪುಸ್ತಕದಲ್ಲಿ ಇದೆಯಂತೆ. ಉಪ್ಪೋ ಬಿಸಿಯೋ ತಡೆಯಲಾರದಷ್ಟಾದರೆ ಈ ಜಾತಿಯ ಹವಳ ಕೂಡು ಚರ್ಮವನ್ನು ಹರಿದುಕೊಂಡು, ಒಂದೊಂದೇ ಜೀವ ಬೇರೆಯಾಗಿ, ಕಟ್ಟಿದ ಕಲ್ಲನ್ನು ಬಿಟ್ಟು ನೀರಿನಲ್ಲಿ ಹೋಗಿಬಿಡುತ್ತದೆ. ಹೋದದ್ದರಲ್ಲಿ ಬಹಳಷ್ಟು ಸಾಯುತ್ತವೆ. ಸಾಯದೆ ಉಳಿದದ್ದಕ್ಕೆ ಕಾಲೂರಲು ಜಾಗ ಸಿಕ್ಕರೆ ಅಲ್ಲಿ ಅಂಟಿಕೊಂಡು ಮತ್ತೆ ಮೊದಲಿಂದ ಕಲ್ಲು ಹಾಕಲು ತೊಡಗಬಹುದು.

"ತೊಡಗ್ತದ ಅಂತ ಹೇಳು" ಅಂದೆ.

"ತೊಡಗಬಹುದು ಅಂತ ಅದ್ರಿ ಪುಸ್ತಕದಾಗ" ಎಂದಳು.

ಕರೆಂಟು ಬಂತು. ನೆಗೆಣ್ಣಿ ಉಪ್ಪಿನಕಾಯಿ ಅರ್ಧಕ್ಕೆ ಬಿಟ್ಟು ಊರಿಗೆ ಹೋದಳು. ತೇಲುವ ಕಾಳು ದಿನಾ ಕಡಿಮೆಯಾದವು. ಕರಗಿ ಲೋಳೆಯಾದದ್ದನ್ನು ಸೊಸೆ ಸಣ್ಣ ನಳಿಕೆಯಿಂದ ಹೀರಿ ತೆಗೆಯುತ್ತಿದ್ದಳು. ಬೆಳಿಗ್ಗೆ ಎದ್ದವಳು ಮುಖ ತೊಳೆಯುವ ಮೊದಲು ಫರ್ಸಿಯ ಚೂರುಗಳನ್ನು ನೋಡುತ್ತಿದ್ದಳು. ಒಂದು ದಿನ ಚೂರನ್ನು ಸ್ವಲ್ಪ ಅಲುಗಿಸಿದಳು. ಅದರ ಮೇಲಿದ್ದ ಕಾಳು ಉರುಳಲಿಲ್ಲ. ಆಗ ನನ್ನನ್ನು ಕರೆದಳು. ಮೂರು ಚೂರಿನಲ್ಲಿ ಒಂದರ ಮೇಲೆ ಮಾತ್ರ, ನನ್ನ ಕೈಬೆರಳಿಗಿಂತ ಕಡಿಮೆ ಸಂಖ್ಯೆಯವು ಹಿಡಿದು ನಿಂತಿದ್ದವು. ಈ ಫರ್ಸಿಯೂ ಎಣಿಸಲಾಗದಷ್ಟು ಹಿಂದೆ ಸಮುದ್ರದ ತಳದ ಕೆಸರೇ ಆಗಿತ್ತು ಎಂದು ಆಕೆ ಹೇಳಿದಳು. ಇರಲಿ, ನನಗೆ ಬೇಕಿದ್ದದ್ದು ತಿಂಗಳ ಕೊನೆಯ ತನಕ ಅವು ಅಲ್ಲೇ ನಿಲ್ಲುವುದು.

ಮೇಡಂ ಬಂದರು. ನನ್ನ ವಯಸ್ಸಿನವರು, ಬೆಳ್ಳಗಿನ ಕೂದಲು, ಬಾಗಿಲಲ್ಲೇ ನೀರು ಕೇಳಿ ಕುಡಿದರು. ತೊಟ್ಟಿಯ ಮುಂದೆ ಕೂತವರೇ ಖಾಲಿ ಟೊಂಗೆಗಳನ್ನು ನೋಡಿ ಸೊಸೆಯ ಕಡೆ ತಿರುಗಿದರು.

"ಎಂಥ ಆಯ್ತು ಇದು? ಕರೆಂಟ್ ಹೋದದ್ದಾ?"

ಸೊಸೆ ನನ್ನ ಕಡೆ ನೋಡಿದಳು. ಹೌದು ಎಂದು ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಟಿ.ಸಿ. ಸುಟ್ಟದ್ದು ಊರಿಗೇ ಗೊತ್ತು. ನಮ್ಮ ಬರ್ನಿಯ ಕತೆ ಹೇಳಿದರೆ ಇಂಥ ಮನೆಯಲ್ಲಿ ಹವಳ ಇಡುವುದು ಬೇಡ ಎಂದು ಅವರು ಅಲ್ಲೇ ಪರವಾನಗಿ ಕಿತ್ತುಕೊಳ್ಳಬಹುದಿತ್ತು. ಓದಿನಲ್ಲಿ ಸುಳ್ಳು ಬರೆಯುವ ಹುಡುಗಿ ಅಲ್ಲ ನನ್ನ ಸೊಸೆ. ನನ್ನನ್ನು ಸಿಕ್ಕಿಸಲೂ ಮನಸ್ಸಿಲ್ಲ.

"ಕರೆಂಟ್ ಹೋಗಿತ್ರಿ. ಆದ್ರ ಅದಕ್ಕಲ್ಲ" ಅಂದೆ ನಾನೇ. ಉಪ್ಪಿನಕಾಯಿಯಿಂದ ಹಿಡಿದು ಬಕೆಟಿನ ತನಕ ಎಲ್ಲ ಹೇಳಿದೆ. ಮೇಡಂ ನಗಲಿಲ್ಲ. ಎಷ್ಟು ಉಪ್ಪಾಗಿತ್ತು, ಎಷ್ಟು ಹೊತ್ತಿಗೆ ಬಿಡತೊಡಗಿದವು ಎಂದು ಕೇಳಿ ಬರೆದುಕೊಂಡರು. ಸೊಸೆ ಅಳತೆ ಹೇಳಿದಳು.

"ಇದು ಹೊಸತು ಏನಲ್ಲ. ಗೊತ್ತಿದ್ದದ್ದೇ" ಎಂದರು. ಆಮೇಲೆ ಕಾಗದ ತೆಗೆದರು. "ನಾನು ಇಲ್ಲಿ ಎರಡರಲ್ಲಿ ಒಂದು ಬರೀಬೇಕು. ಜೀವ ಉಂಟು, ಇಲ್ಲ ಸತ್ತಿದೆ. ಕೊಟ್ಟದ್ದು ಮೂರು ತುಂಡು. ಮೂರೂ ಖಾಲಿ ಆಗಿದೆಯಲ್ಲ ಮಾರಾಯ್ತಿ."

ಸೊಸೆ ಫರ್ಸಿಯ ಚೂರು ತೋರಿಸಿದಳು. ಮೇಡಂ ಕನ್ನಡಕ ಹಣೆಗೇರಿಸಿ ಭೂತಗನ್ನಡಿ ಹಿಡಿದರು. ಬಹಳ ಹೊತ್ತು ತಲೆ ಎತ್ತಲಿಲ್ಲ. ಅಂಟಿದ್ದವುಗಳ ಬುಡದಲ್ಲಿ ಸುಣ್ಣದ ಬಿಳಿ ಉಂಗುರ ಕಾಣಿಸಿಕೊಂಡು ಆಗ ನಾಲ್ಕೈದು ದಿನವಾಗಿತ್ತು.

"ಇವು ಅದೇ ಪ್ರಾಣಿಗಳು, ಹೌದು. ಆದರೆ ಕಾಗದದಲ್ಲಿ ತುಂಡು ಅಂತ ಉಂಟು. ತುಂಡು ಸತ್ತಿದೆ."

"ಒಂದು ಕೇಳ್ತೇನ್ರಿ" ಅಂದೆ. "ಭೀಮಾ ಹೊಳಿ ಏರಿ ಬಂದಾಗ ನಮ್ಮ ನೆಗೆಣ್ಣೀದು ಮನಿ ಬಿತ್ರಿ. ಮಂದಿ ದಿಬ್ಬದ ಮ್ಯಾಲ ತಗಡಿನ ಪತ್ರಾ ಶೆಡ್ ಹಾಕ್ಕೊಂಡು ಕುಂತ್ರು. ಮನಿ ಬಿತ್ತು ಅಂತ ಅವ್ರ ಹೆಸರು ರೇಷನ್ ಕಾರ್ಡಿನಾಗ ಹೊಡದ್ ಹಾಕಿಲ್ರಿ."

"ಇದು ರೇಷನ್ ಕಾರ್ಡ್ ಅಲ್ಲ ಅಮ್ಮ."

"ಅಲ್ರಿ. ನೀವು ಬರಿಯೂದು ಮನೀದೋ ಮಂದೀದೋ, ಅಷ್ಟಾ ಕೇಳ್ದೆ."

ಮೇಡಂ ನನ್ನನ್ನು ನೋಡಿದರು, ಸೊಸೆಯನ್ನು ನೋಡಿದರು, ಮತ್ತೆ ಕಲ್ಲನ್ನು ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಆಮೇಲೆ ಇಂಗ್ಲಿಷಿನಲ್ಲಿ ಮೂರ್ನಾಲ್ಕು ಸಾಲು ಬರೆದು ಸಹಿ ಮಾಡಿ ಸೊಸೆಯ ಕೈಗೆ ಕೊಟ್ಟರು. ಬೇರೆ ತುಂಡು ಕೊಡುವುದಿಲ್ಲ ಎಂದರು. ಇರುವುದು ಕಿರುಬೆರಳಷ್ಟಾದರೂ ಆಗುವ ತನಕ ಬಿಸಿಯ ಪ್ರಯೋಗ ಮಾಡುವಂತಿಲ್ಲ ಎಂದರು. ಅದಕ್ಕೆ ವರ್ಷಗಳೇ ಹಿಡಿಯಬಹುದು. ಖಾಲಿ ಟೊಂಗೆಗಳನ್ನು ಹತ್ತಿಯಲ್ಲಿ ಸುತ್ತಿ ತಮ್ಮ ಡಬ್ಬಿಯಲ್ಲಿ ಹಾಕಿಕೊಂಡರು, ಸತ್ತರೂ ಅವು ಸರ್ಕಾರದ್ದೇ.

ಸೊಸೆ ಕಾಗದ ಹಿಡಿದು ನಿಂತೇ ಇದ್ದಳು. ಒಂದೇ ಸಾಲಿನ ಮೇಲೆ ಕಣ್ಣು ಹೋಗುತ್ತಿತ್ತು, ಬರುತ್ತಿತ್ತು.

"ಏನ್ ಬರದಾರ ಬೇ? ಹೌದೋ ಅಲ್ಲೋ?"

"ಜೀವ ಅದ ಅಂತ ಬರದಾರ್ರಿ ಅತ್ತಿ. ತುಂಡು ಅನ್ನೂದು ಹೊಡದು, ಪ್ರಾಣಿ ಅಂತ ಮಾಡ್ಯಾರ."

"ಹಂಗಾದ್ರ ಕಾಗದ ಒಳಗಿಟ್ಟು ಬಾ. ಮೇಡಮ್ಮೋರು ಮುಂಜಾನಿಂದ ಉಂಡಿಲ್ಲ, ರೊಟ್ಟಿ ಬಡೀಬೇಕು."